ಟೆನೆಟ್ ಎಂದರೆ ತತ್ತ್ವವಲ್ಲ

ಚೆನ್ನೈಯ ಕನ್ನಡಿಗರಾದ ನಾವು ಎರಡು ಭಾಷೆಗಳಲ್ಲಿ ಅಚ್ಚು ಹಾಕಿಸುವ ಸ್ಮರಣ ಸಂಚಿಕೆಗಳಲ್ಲಿ ಒಂದು ಪುಟ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಕನ್ನಡದ ಕಡೆ ಅದರ ತಲೆಬರಹ ‘ನಮ್ಮ ತತ್ತ್ವಗಳು’. ಇಂಗ್ಲಿಷಿನ ಕಡೆ ‘ಅವರ್ ಟೆನೆಟ್ಸ್’. ಈಚೆಗೆ ಕೈಗೆ ಬಂದ ಒಂದು ಸಂಚಿಕೆಯಲ್ಲಿ (ಸಂಘದ ಹೆಸರು ಇಲ್ಲಿ ಬೇಡ) ಇಂಗ್ಲಿಷಿನ ತಲೆಬರಹ ‘ಟೆನೆಂಟ್ಸ್’ ಎಂದಾಗಿತ್ತು. ಬಾಡಿಗೆದಾರರು! ಅದರ ಕೆಳಗೆ ಐದು ಸಾಲು: ಸಮಯಪಾಲನೆ, ಪರಸ್ಪರ ಸೌಹಾರ್ದ, ವರ್ಷಕ್ಕೊಮ್ಮೆ ರಾಜ್ಯೋತ್ಸವ, ಏಪ್ರಿಲ್ ಒಳಗೆ ಸದಸ್ಯತ್ವ ಶುಲ್ಕ, ಮಾತೃಭಾಷಾ ಪ್ರೇಮ. ಓದಿದವರೆಲ್ಲ ಆ ಹೆಚ್ಚುವರಿ ‘ನ’ಕಾರವನ್ನು ಕಂಡು ನಕ್ಕರು. ನನ್ನ ತಕರಾರು ಅದರ ಮೇಲಲ್ಲ. ಎದುರು ಪುಟದಲ್ಲಿ, ಎರಡು ತಕಾರಗಳ ಸಮೇತ ತಪ್ಪಿಲ್ಲದೆ ಅಚ್ಚಾಗಿದ್ದ ‘ತತ್ತ್ವ’ದ ಮೇಲೆ. ಹಾಸ್ಯಾಸ್ಪದವಾದ ತಪ್ಪು ಇಂಗ್ಲಿಷಿನ ಕಡೆ ಇತ್ತು. ಗಂಭೀರವಾದ ತಪ್ಪು ಕನ್ನಡದ ಕಡೆ ಇತ್ತು.

‘ಟೆನೆಟ್’ ಮೂಲತಃ ನಾಮಪದವೇ ಅಲ್ಲ. ಲ್ಯಾಟಿನ್ನಿನಲ್ಲಿ ಅದು ಒಂದು ಕ್ರಿಯಾಪದದ ರೂಪ. ‘ಹಿಡಿದಿದ್ದಾನೆ’, ‘ಹಿಡಿದಿದ್ದಾಳೆ’ ಎಂದು ಅರ್ಥ. ವಿದ್ವಾಂಸರು ವಾದ ಬರೆಯುವಾಗ ‘ಇಂಥವನು ಹೀಗೆಂದು ಹಿಡಿದಿದ್ದಾನೆ’ ಎಂದು ಬರೆದೂ ಬರೆದೂ, ಆ ಹಿಡಿದ ಮಾತಿಗೇ ‘ಟೆನೆಟ್’ ಎಂಬ ಹೆಸರು ಅಂಟಿಕೊಂಡಿತು. ಇದೇ ಕ್ರಿಯಾಪದದ ಬಹುವಚನ ರೂಪ ‘ಟೆನೆಂಟ್’, ‘ಹಿಡಿದಿದ್ದಾರೆ’. ಹದಿನೇಳನೆಯ ಶತಮಾನದ ಇಂಗ್ಲಿಷಿನಲ್ಲಿ ಇದೂ ಅದೇ ಅರ್ಥದಲ್ಲಿ ಬಳಕೆಯಲ್ಲಿತ್ತು. ಸರ್ ಥಾಮಸ್ ಬ್ರೌನ್ 1646ರಲ್ಲಿ ಪ್ರಕಟಿಸಿದ ತನ್ನ ದೊಡ್ಡ ಗ್ರಂಥದ ಶೀರ್ಷಿಕೆಯಲ್ಲಿ ಬಳಸಿದ್ದು ಈ ‘ಟೆನೆಂಟ್’ ರೂಪವನ್ನೇ. ಆದ್ದರಿಂದ ನಮ್ಮ ಸಂಚಿಕೆಯ ಮುದ್ರಾರಾಕ್ಷಸನಿಗೆ ತಿಳಿಯದೆಯೇ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ವಂಶಾವಳಿ ಒದಗಿಬಂದಿದೆ. (ಇಂದಿನ ತರುಣರಿಗೆ ಈ ಪದ ಕ್ರಿಸ್ಟೋಫರ್ ನೋಲನ್ನನ 2020ರ ಸಿನಿಮಾದ ಹೆಸರಾಗಿಯೇ ಹೆಚ್ಚು ಪರಿಚಿತ. ಹಿಂದುಮುಂದಾಗಿ ಓದಿದರೂ ಒಂದೇ ಆಗಿರುವ ಪದವೆಂದು ಅವನು ಆರಿಸಿಕೊಂಡ. ಸಿನಿಮಾ ಅರ್ಥವಾಗಲಿಲ್ಲವೆಂದು ಕೊರಗುವವರು ಪದವನ್ನಾದರೂ ಅರ್ಥ ಮಾಡಿಕೊಳ್ಳಬಹುದು.)

ಬ್ರೌನನ ಗ್ರಂಥದ ವಸ್ತು ಗಮನಿಸತಕ್ಕದ್ದು. ತನ್ನ ಕಾಲದ ಜನ ಬಲವಾಗಿ ನಂಬಿಕೊಂಡಿದ್ದ ಸುಳ್ಳುಗಳನ್ನು ಅವನು ಅಲ್ಲಿ ಒಂದೊಂದಾಗಿ ಪರೀಕ್ಷೆಗೆ ಒಡ್ಡುತ್ತಾನೆ. ಆನೆಗೆ ಕಾಲಿನಲ್ಲಿ ಕೀಲುಗಳಿಲ್ಲ ಎಂಬುದು ಅವುಗಳಲ್ಲಿ ಒಂದು. ಅದು ಟೆನೆಟ್ಟೇ, ಜನ ಹಿಡಿದಿದ್ದರು. ಆದರೆ ಅದು ನಿಜವಲ್ಲ. ಅಂದರೆ ಟೆನೆಟ್ ಎಂಬ ಪದ ತಾನು ಹೊತ್ತ ಮಾತಿನ ಸತ್ಯಕ್ಕೆ ಜಾಮೀನು ನಿಲ್ಲುವುದಿಲ್ಲ. ಅದು ಹೇಳುವುದು ಇಷ್ಟೇ: ಇದನ್ನು ಹಿಡಿದವರು ಒಬ್ಬರಿದ್ದಾರೆ.

ಈಗ ‘ತತ್ತ್ವ’ವನ್ನು ನೋಡಿ. ತತ್ ಎಂದರೆ ಅದು. ತತ್ತ್ವ ಎಂದರೆ ಅದರ ಅದುತನ. ಯಾರು ಒಪ್ಪಲಿ ಬಿಡಲಿ, ವಸ್ತು ತಾನು ಇರುವ ಬಗೆ. ಆರ್ಕಿಮಿಡೀಸನ ತತ್ತ್ವ ಎಂದು ಶಾಲೆಯಲ್ಲಿ ಓದಿದೆವಲ್ಲ, ಅಲ್ಲಿ ಆ ಪದ ಸರಿಯಾಗಿ ಕೂತಿದೆ. ಮರೀನಾ ಕಡಲಿಗಿಳಿದ ಕಟ್ಟುಮರಕ್ಕೆ ಆರ್ಕಿಮಿಡೀಸನಲ್ಲಿ ನಂಬಿಕೆ ಇರಬೇಕಾಗಿಲ್ಲ, ಅದು ತೇಲುತ್ತದೆ. ತತ್ತ್ವಕ್ಕೆ ಹಿಡಿಯುವವರು ಬೇಡ. ಟೆನೆಟ್ಟಿಗೆ ಹಿಡಿಯುವವರೇ ಪ್ರಾಣ. ಇವೆರಡನ್ನೂ ಒಂದೇ ಪದದಲ್ಲಿ ತುಂಬಿದಾಗ ಕನ್ನಡದಿಂದ ಕಳೆದುಹೋಗುವುದು ಆ ಹಿಡಿದ ವ್ಯಕ್ತಿ. ‘ಮಾತೃಭಾಷಾ ಪ್ರೇಮ ನಮ್ಮ ತತ್ತ್ವ’ ಎಂದು ಅಚ್ಚು ಹಾಕಿಸಿದ ಕೂಡಲೇ ಅದು ಗುರುತ್ವಾಕರ್ಷಣೆಯಂತೆ ತನ್ನಷ್ಟಕ್ಕೆ ನಡೆಯುವ ಸಂಗತಿಯಾಗುತ್ತದೆ. ಅಣ್ಣಾನಗರದ ಯಾವ ಮನೆಯಲ್ಲಿ ಯಾವ ಮಗು ಕನ್ನಡದ ಅಕ್ಷರ ಬರೆಯಿತು ಎಂದು ಕೇಳುವ ಪ್ರಸಂಗವೇ ಬರುವುದಿಲ್ಲ.

‘ಪ್ರಿನ್ಸಿಪಲ್’ನ ಗೊಂದಲ ಬೇರೆ ಬಗೆಯದು. ನಮ್ಮ ಆಡುಮಾತಿನಲ್ಲಿ ಅದು ಕಾಲೇಜಿನ ಮುಖ್ಯಸ್ಥರೂ ಹೌದು, ಬ್ಯಾಂಕಿನ ಸಾಲದ ಅಸಲೂ ಹೌದು, ‘ಅವರು ಬಹಳ ಪ್ರಿನ್ಸಿಪಲ್ ಮನುಷ್ಯ’ ಎನ್ನುವಾಗ ಲಂಚ ಮುಟ್ಟದ ಗುಣವೂ ಹೌದು. ಇಂಗ್ಲಿಷಿನಲ್ಲಿ ಮೊದಲೆರಡರ ಕಾಗುಣಿತ ಒಂದು, ಮೂರನೆಯದರದು ಇನ್ನೊಂದು. ಆದರೂ ಮೂರರ ಬೇರಿನಲ್ಲಿಯೂ ‘ಮೊದಲು’ ಎಂಬ ಅರ್ಥವಿದೆ. ಎಲ್ಲಿಂದ ಹೊರಡುತ್ತೇವೋ ಅದು ಪ್ರಿನ್ಸಿಪಲ್. ಸಾಲದಲ್ಲಿ ಅಸಲು ಮೊದಲು, ಬಡ್ಡಿ ಆಮೇಲೆ. ನಡತೆಯಲ್ಲಿ ನಿಯಮ ಮೊದಲು, ಕೆಲಸ ಆಮೇಲೆ. ಆದ್ದರಿಂದ ಲಂಚ ಮುಟ್ಟದವನನ್ನು ‘ಟೆನೆಟ್ ಉಳ್ಳವನು’ ಎಂದು ಇಂಗ್ಲಿಷಿನಲ್ಲಿ ಹೇಳಲಾಗದು. ಟೆನೆಟ್ ಸಾಮಾನ್ಯವಾಗಿ ಒಂದು ಮತದ, ಪಂಥದ, ಪಕ್ಷದ, ಚಿಂತನಾಧಾರೆಯ ಆಸ್ತಿ. ಜೈನಧರ್ಮದ ಟೆನೆಟ್‌ಗಳು, ಸಮಾಜವಾದದ ಒಂದು ಪ್ರಮುಖ ಟೆನೆಟ್, ಹೀಗೆ ‘ಇಂಥದ್ದರ’ ಎಂಬ ಷಷ್ಠೀ ವಿಭಕ್ತಿಯನ್ನು ಬೆನ್ನಿಗೆ ಕಟ್ಟಿಕೊಂಡೇ ಅದು ಓಡಾಡುತ್ತದೆ. ಸದಸ್ಯತ್ವ ಶುಲ್ಕವಂತೂ ಇವೆರಡೂ ಅಲ್ಲ. ಅದು ಬೈಲಾ.

ಇಷ್ಟು ಸೂಕ್ಷ್ಮ ಕನ್ನಡಕ್ಕೆ ಹೊರೆಯಲ್ಲವೇ, ಇದು ಬಿಳಿಯರ ಕೂದಲು ಸೀಳುವ ಕಸುಬಲ್ಲವೇ ಎನ್ನುವವರಿದ್ದಾರೆ. ಕೂದಲು ಸೀಳುವುದರಲ್ಲಿ ನಮ್ಮವರು ಯಾರಿಗೂ ಕಡಿಮೆ ಇರಲಿಲ್ಲ. ಗೌತಮನ ನ್ಯಾಯಸೂತ್ರ ‘ಸಿದ್ಧಾಂತ’ ಎಂಬ ಒಂದೇ ಪದವನ್ನು ನಾಲ್ಕಾಗಿ ಒಡೆಯುತ್ತದೆ. ಎಲ್ಲ ಶಾಸ್ತ್ರಗಳಿಗೂ ಸಮ್ಮತವಾದದ್ದು ಸರ್ವತಂತ್ರ ಸಿದ್ಧಾಂತ. ಒಂದು ಪಂಗಡ ಒಪ್ಪಿ ಇನ್ನೊಂದು ಒಪ್ಪದಿರುವುದು ಪ್ರತಿತಂತ್ರ ಸಿದ್ಧಾಂತ. ಒಂದು ಸಿದ್ಧವಾದರೆ ಅದರ ಜೊತೆಗೆ ತಾವೂ ಸಿದ್ಧವಾಗುವ ಮಾತುಗಳಿವೆಯಲ್ಲ, ಅಂಥದು ಅಧಿಕರಣ ಸಿದ್ಧಾಂತ. ಪರೀಕ್ಷಿಸದೆಯೇ, ವಾದ ಮುಂದುವರಿಯಲಿ ಎಂದು ಸದ್ಯಕ್ಕೆ ಒಪ್ಪಿಕೊಂಡದ್ದು ಅಭ್ಯುಪಗಮ ಸಿದ್ಧಾಂತ. ಈ ನಾಲ್ಕರಲ್ಲಿ ಎರಡನೆಯದು ಇಂಗ್ಲಿಷಿನ ಟೆನೆಟ್ಟಿಗೆ ಎಷ್ಟು ಸಮೀಪದ್ದೆಂದರೆ ಅಳತೆ ತೆಗೆದು ಹೊಲಿದ ಹಾಗಿದೆ. ಸಾಂಖ್ಯರು ಹಿಡಿದದ್ದು, ನೈಯಾಯಿಕರು ಹಿಡಿಯದ್ದು. ಒಪ್ಪಿದವರ ಹೆಸರಿಲ್ಲದೆ ಪ್ರತಿತಂತ್ರ ಸಿದ್ಧಾಂತವನ್ನು ಉಚ್ಚರಿಸುವುದಕ್ಕೂ ಬರುವುದಿಲ್ಲ.

ಶಾಸ್ತ್ರ ಬಿಡಿ, ಕನ್ನಡ ನಾಡಿನ ಮತಪಂಥಗಳ ರೂಢಿಯನ್ನೇ ನೋಡಿ. ಮಾಧ್ವರು ತಮ್ಮ ಮುಖ್ಯ ನಿಲುವುಗಳನ್ನು ಒಂಬತ್ತು ‘ಪ್ರಮೇಯ’ಗಳೆಂದು ಎಣಿಸುತ್ತಾರೆ: ಹರಿಯೇ ಪರಮ, ಜಗತ್ತು ಸತ್ಯ, ಭೇದ ಸತ್ಯ, ಹೀಗೆ. ವೀರಶೈವ ಲಿಂಗಾಯತರಲ್ಲಿ ಪಂಚಾಚಾರ ಉಂಟು, ಅಷ್ಟಾವರಣ ಉಂಟು. ಜೈನ ಗೃಹಸ್ಥರು ಹಿಡಿಯುವುದು ಐದು ಅಣುವ್ರತಗಳನ್ನು. ಪ್ರಮೇಯ ತಿಳಿಯಬೇಕಾದದ್ದು, ಆಚಾರ ನಡೆಯಬೇಕಾದದ್ದು, ವ್ರತ ಸಂಕಲ್ಪ ಮಾಡಿ ಹಿಡಿಯಬೇಕಾದದ್ದು. ವ್ರತವನ್ನು ‘ಹಿಡಿ’ಯುತ್ತೇವೆ ಎಂದೇ ನಮ್ಮ ಅಜ್ಜಿಯಂದಿರು ಹೇಳುತ್ತಿದ್ದರು, ಲ್ಯಾಟಿನ್ ಅವರಿಗೆ ಯಾರೂ ಕಲಿಸಿರಲಿಲ್ಲ. ಇಷ್ಟೆಲ್ಲ ಬೇರೆ ಬೇರೆ ಪಾತ್ರೆಗಳಿದ್ದ ಅಡುಗೆಮನೆಯನ್ನು ಖಾಲಿ ಮಾಡಿ ಈಗ ನಾವು ಒಂದೇ ತಪಲೆಯಲ್ಲಿ ಎಲ್ಲವನ್ನೂ ಬೇಯಿಸುತ್ತಿದ್ದೇವೆ: ಬಸವ ತತ್ತ್ವ, ಗಾಂಧಿ ತತ್ತ್ವ, ಪಕ್ಷದ ತತ್ತ್ವ, ಕಂಪೆನಿಯ ತತ್ತ್ವ. ಗಾಂಧಿಯವರು ಹಿಡಿದದ್ದನ್ನು ತತ್ತ್ವ ಎಂದು ಕರೆದು ಗೋಡೆಗೆ ಏರಿಸಿದ ಮೇಲೆ ಅದನ್ನು ನಾವು ಹಿಡಿಯಬೇಕಾದ ಕಷ್ಟ ತಪ್ಪಿತು.

ರೂಢಿ ಬಲವಾದದ್ದು, ಜನಕ್ಕೆ ತತ್ತ್ವ ಎಂದರೆ ತಿಳಿಯುತ್ತದೆ ಎಂಬ ವಾದಕ್ಕೆ ಬೆಲೆ ಇಲ್ಲವೆಂದು ನಾನು ಹೇಳುವುದಿಲ್ಲ. ಊರಿನ ಭಾಷಣದಲ್ಲಿ ಅದು ನಡೆಯಬಹುದು. ಆದರೆ ಹೊರನಾಡಿನ ಕನ್ನಡಿಗ ಭಾಷಣ ಮಾತ್ರ ಮಾಡುವುದಿಲ್ಲ, ಮನವಿಯನ್ನೂ ಬರೆಯುತ್ತಾನೆ. ಕಚೇರಿಗೆ ಬರೆಯುತ್ತಾನೆ, ಶಾಲೆಗೆ ಬರೆಯುತ್ತಾನೆ, ಕೆಲವೊಮ್ಮೆ ನ್ಯಾಯಾಲಯಕ್ಕೂ ಹೋಗುತ್ತಾನೆ. ಅಲ್ಲಿ ಹಕ್ಕು, ನಿರ್ದೇಶಕ ತತ್ತ್ವ, ನಮ್ಮ ನಂಬಿಕೆ ಎಂಬ ಮೂರು ಮಾತುಗಳು ಮೂರು ಬೇರೆ ಬಾಗಿಲುಗಳು. ತಪ್ಪು ಬಾಗಿಲು ತಟ್ಟಿದವನಿಗೆ ಒಳಗಿನಿಂದ ಉತ್ತರ ಬರುವುದಿಲ್ಲ.

ಇದನ್ನು ದೇಶ ಕಲಿತದ್ದೇ ಈ ಊರಿನ ಒಂದು ಮೊಕದ್ದಮೆಯಿಂದ. ಮದರಾಸು ಸರ್ಕಾರ ಕಾಲೇಜು ಸೀಟುಗಳನ್ನು ಜಾತಿ ಮತಗಳ ಲೆಕ್ಕದಲ್ಲಿ ಹಂಚುತ್ತಿದ್ದ ಆಜ್ಞೆಯನ್ನು ಚಂಪಕಂ ದೊರೈರಾಜನ್ ಪ್ರಶ್ನಿಸಿದರು. ದುರ್ಬಲ ವರ್ಗಗಳ ಶಿಕ್ಷಣವನ್ನು ಮುಂದೆ ತರಬೇಕೆನ್ನುವ 46ನೆಯ ಅನುಚ್ಛೇದವನ್ನು, ಎಂದರೆ ಒಂದು ನಿರ್ದೇಶಕ ತತ್ತ್ವವನ್ನು, ಸರ್ಕಾರ ತನ್ನ ಸಮರ್ಥನೆಗೆ ಮುಂದಿಟ್ಟಿತು. 1951ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು: ನಿರ್ದೇಶಕ ತತ್ತ್ವಗಳು ಮೂಲಭೂತ ಹಕ್ಕುಗಳಿಗೆ ಅಧೀನವಾಗಿಯೇ ನಡೆಯಬೇಕು. ಆಜ್ಞೆ ಬಿದ್ದಿತು. ಅದೇ ವರ್ಷ ಸಂವಿಧಾನಕ್ಕೆ ಮೊದಲ ತಿದ್ದುಪಡಿ ಬಂದು 15ನೆಯ ಅನುಚ್ಛೇದಕ್ಕೆ ನಾಲ್ಕನೆಯ ಖಂಡ ಸೇರಿತು. ತೀರ್ಪು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಹಿಂದುಳಿದವರ ಪಾಲಿಗೆ ತಿದ್ದುಪಡಿಯೇ ನ್ಯಾಯವಾಯಿತೆಂದು ನನ್ನ ಅಭಿಪ್ರಾಯ. ಇಲ್ಲಿ ಮುಖ್ಯವಾದದ್ದು, ‘ತತ್ತ್ವ’ ಮತ್ತು ‘ಹಕ್ಕು’ ಎಂಬ ಎರಡು ಪದಗಳ ನಡುವಿನ ಅಂತರದಲ್ಲಿ ಸಾವಿರಾರು ಹುಡುಗ ಹುಡುಗಿಯರ ಓದು ನಿಂತಿತ್ತು ಎಂಬುದು. 37ನೆಯ ಅನುಚ್ಛೇದ ಈ ತತ್ತ್ವಗಳನ್ನು ದೇಶದ ಆಡಳಿತಕ್ಕೆ ಮೂಲಭೂತ ಎಂದೂ ಕರೆಯುತ್ತದೆ, ನ್ಯಾಯಾಲಯದ ಮೂಲಕ ಜಾರಿಗೊಳಿಸಲಾಗದು ಎಂದೂ ಹೇಳುತ್ತದೆ.

ಇನ್ನೊಂದು ಮೊಕದ್ದಮೆ ನಮ್ಮ ಪದಕ್ಕೆ ಇನ್ನೂ ಹತ್ತಿರದ್ದು. ಕಾಸರಗೋಡಿನ ಬಳಿಯ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರು 1970ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ್ದು ಕೇರಳದ ಭೂಸುಧಾರಣಾ ಕಾಯಿದೆಯ ವಿರುದ್ಧ. ಗೇಣಿದಾರನಿಗೆ ಭೂಮಿಯ ಒಡೆತನ ಕೊಡುವ ಕಾಯಿದೆ ಅದು. ಗೇಣಿದಾರ ಎಂದರೆ ಇಂಗ್ಲಿಷಿನ ಟೆನೆಂಟ್. ಅದೇ ಲ್ಯಾಟಿನ್ ಬೇರು, ಭೂಮಿಯನ್ನು ಹಿಡಿದವನು. ಅರವತ್ತೆಂಟು ದಿನ ವಾದ ನಡೆದು, ಹದಿಮೂರು ನ್ಯಾಯಮೂರ್ತಿಗಳ ಪೀಠ 1973ರ ಏಪ್ರಿಲ್ 24ರಂದು ಏಳಕ್ಕೆ ಆರರ ಬಹುಮತದಿಂದ ತೀರ್ಪಿತ್ತಿತು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸಂರಚನೆಯನ್ನು ಕೆಡಿಸುವಂತಿಲ್ಲ ಎಂಬುದು ಅದರ ತಿರುಳು. ಇದನ್ನು ಇಂಗ್ಲಿಷಿನಲ್ಲಿ ‘ಡಾಕ್ಟ್ರಿನ್’ ಎನ್ನುತ್ತಾರೆ. ಲ್ಯಾಟಿನ್ನಿನ ‘ಕಲಿಸು’ ಎಂಬ ಧಾತುವಿನಿಂದ ಬಂದದ್ದು. ಒಬ್ಬ ಗುರು, ಒಂದು ಪೀಠ ಕಲಿಸಿದ್ದು ಡಾಕ್ಟ್ರಿನ್. ಅದನ್ನು ಕೇಳಿದವರು ಹಿಡಿದುಕೊಂಡರೆ ಅವರಿಗೆ ಟೆನೆಟ್. ಕನ್ನಡ ಪತ್ರಿಕೆಗಳಲ್ಲಿ ಇದೂ ‘ತತ್ತ್ವ’ವೆಂದೋ ‘ಸಿದ್ಧಾಂತ’ವೆಂದೋ ಬರುತ್ತದೆ, ಆಕಾಶದಿಂದ ಇಳಿದದ್ದೆಂಬಂತೆ. ಏಳು ಜನ ಹಿಡಿದರು, ಆರು ಜನ ಹಿಡಿಯಲಿಲ್ಲ ಎಂಬುದೇ ಆ ತೀರ್ಪಿನ ಚರಿತ್ರೆ. ಇನ್ನೊಬ್ಬರು ಆ ಕಡೆ ವಾಲಿದ್ದರೆ ಇಂದು ಆ ಮಾತೇ ಇರುತ್ತಿರಲಿಲ್ಲ.

ನಮ್ಮ ಸ್ಥಿತಿಗೆ ಬರುತ್ತೇನೆ. 2006ರ ತಮಿಳು ಕಲಿಕೆ ಕಾಯಿದೆ ಒಂದನೆಯ ತರಗತಿಯಿಂದ ವರ್ಷಕ್ಕೊಂದು ಮೆಟ್ಟಿಲು ಏರಿ 2016ರಲ್ಲಿ ಹತ್ತನೆಯ ತರಗತಿಯ ಪರೀಕ್ಷೆಯನ್ನು ಮುಟ್ಟಿದಾಗ ಕನ್ನಡ, ತೆಲುಗು, ಮಲಯಾಳ, ಉರ್ದು ಓದುತ್ತಿದ್ದ ಮಕ್ಕಳ ಮನೆಗಳಲ್ಲಿ ಆತಂಕ ಹುಟ್ಟಿತು. ಇರುವ ನಾಡಿನ ಭಾಷೆಯನ್ನು ಮಕ್ಕಳು ಕಲಿಯಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ತಮಿಳು ಬಾರದೆ ಚೆನ್ನೈಯಲ್ಲಿ ಬಾಳುವುದು ಅರ್ಧ ಬಾಳು. ಅದರ ಜೊತೆಗೆ ಕನ್ನಡ ಉಳಿಯುವುದು ಹೇಗೆ ಎಂಬುದು ಪ್ರಶ್ನೆ. ‘ಮಾತೃಭಾಷೆಯಲ್ಲಿ ಶಿಕ್ಷಣ ಸಂವಿಧಾನದ ಮೂಲತತ್ತ್ವ’ ಎಂದು ನಮ್ಮವರು ಎಷ್ಟೋ ವೇದಿಕೆಗಳಿಂದ ಗುಡುಗಿದ್ದುಂಟು. ಸಂವಿಧಾನ ಹೇಳುವುದು ಇಷ್ಟು ಸಡಿಲವಾಗಿ ಅಲ್ಲ. 1956ರ ಏಳನೆಯ ತಿದ್ದುಪಡಿಯಿಂದ ಬಂದ 350ಎ ಅನುಚ್ಛೇದ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಒದಗಿಸಲು ರಾಜ್ಯ ಪ್ರಯತ್ನಿಸತಕ್ಕದ್ದು ಎನ್ನುತ್ತದೆ. ಅದು ರಾಜ್ಯದ ಹೆಗಲಿಗೆ ಹೊರಿಸಿದ ಪ್ರಯತ್ನದ ಹೊಣೆ. 30ನೆಯ ಅನುಚ್ಛೇದ ಬೇರೆ. ಅಲ್ಪಸಂಖ್ಯಾತರು ತಮ್ಮ ಆಯ್ಕೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವುದು ಅಲ್ಲಿ ಮೂಲಭೂತ ಹಕ್ಕು. ಮೊದಲನೆಯದನ್ನು ನೆನಪಿಸಬೇಕು, ಎರಡನೆಯದನ್ನು ಕೇಳಿ ಪಡೆಯಬೇಕು. ಇವೆರಡರ ಆಚೆ ಮೂರನೆಯದು ಉಳಿಯುತ್ತದೆ: ನಮ್ಮ ಮನೆಯ ಮಗು ಕನ್ನಡ ಓದಲೇಬೇಕೆಂಬ ನಮ್ಮ ಹಿಡಿತ. ಅದು ಯಾವ ಅನುಚ್ಛೇದದಲ್ಲಿಯೂ ಇಲ್ಲ, ಇರಲು ಸಾಧ್ಯವೂ ಇಲ್ಲ. ಟೆನೆಟ್ ಎಂಬ ಪದ ಸಲ್ಲುವುದು ಅದೊಂದಕ್ಕೇ. ಮೂರನ್ನೂ ತತ್ತ್ವ ಎಂದು ಕಲಸಿದವರು ಮೊದಲ ಎರಡಕ್ಕಾಗಿ ಸರ್ಕಾರವನ್ನು ಬೈಯುತ್ತಾರೆ, ಮೂರನೆಯದಕ್ಕೂ ಸರ್ಕಾರವನ್ನೇ ಬೈಯುತ್ತಾರೆ. ಸಂಜೆ ಕನ್ನಡ ತರಗತಿ ತೆರೆದರೆ ಮಾತ್ರ ಅವರ ಮೊಮ್ಮಕ್ಕಳು ಕೀಬೋರ್ಡ್ ಕ್ಲಾಸಿನಲ್ಲಿರುತ್ತಾರೆ.

ಹಾಗಾದರೆ ಕನ್ನಡದಲ್ಲಿ ಏನೆನ್ನೋಣ? ನಮ್ಮ ನೆರೆಯ ತಮಿಳು ಈ ವಿಷಯದಲ್ಲಿ ಚತುರ. ಇಲ್ಲಿಯ ಗೋಡೆಬರಹಗಳಲ್ಲಿ, ಪಕ್ಷಗಳ ಸಭೆಗಳಲ್ಲಿ ದಿನವೂ ಕಾಣುವ, ಕೇಳುವ ‘ಕೊಳ್ಕೈ’ ಎಂಬ ಪದ ‘ಕೊಳ್’ ಧಾತುವಿನದು. ತೆಗೆದುಕೊಳ್ಳು, ಹಿಡಿದುಕೊಳ್ಳು ಎಂದು ಅರ್ಥ. ‘ಕೋಟ್ಪಾಡು’ ಎಂಬುದೂ ಅದೇ ಬಳ್ಳಿಯ ಕಾಯಿ. ಲ್ಯಾಟಿನ್ನರು ಎಲ್ಲಿ ಕೈಯಿಟ್ಟರೋ ತಮಿಳರೂ ಅಲ್ಲೇ ಕೈಯಿಟ್ಟರು. (ಇಲಾಖೆಗಳು ವಿಧಾನಸಭೆಯಲ್ಲಿ ಮಂಡಿಸುವ ನೀತಿ ಟಿಪ್ಪಣಿಯನ್ನೂ ‘ಕೊಳ್ಕೈ’ ಎಂದೇ ಕರೆಯುವುದರಿಂದ ಅಲ್ಲಿಯೂ ಕಲಬೆರಕೆ ಇದೆ, ಆದರೆ ಅದರಲ್ಲಿ ಹಿಡಿದವರು ಕಾಣೆಯಾಗಿಲ್ಲ.) ಈ ‘ಕೊಳ್’ ನಮ್ಮದೂ ಹೌದು. ವೀರಗಲ್ಲುಗಳಲ್ಲಿ ಬರುವ ‘ತುಱುಗೋಳ್’ ದನಗಳನ್ನು ಹಿಡಿದೊಯ್ಯುವುದು. ಆಮೇಲೆ ಅದು ಅಂಗಡಿಗೆ ಹೋಗಿ ‘ಕೊಳ್ಳುವುದು’ ಆಯಿತು, ದಾರಿ ತಪ್ಪಿ ‘ಕೊಳ್ಳೆ’ಯೂ ಆಯಿತು. ಭೂಮಿಯ ಮಾತಿಗೆ ನಾವು ‘ಹಿಡುವಳಿ’ ಎಂಬ ಸೊಗಸಾದ ಪದವನ್ನು ಉಳಿಸಿಕೊಂಡೆವು. ಹಿಡುವಳಿದಾರ ಯಾರೆಂಬುದು ಪಹಣಿಯಲ್ಲಿರುತ್ತದೆ, ಕಂದಾಯ ಕಟ್ಟುವವನೂ ಅವನೇ. ನಂಬಿಕೆಯ ಮಾತಿಗೆ ಬಂದಾಗ ಮಾತ್ರ ಪಹಣಿ ಖಾಲಿ.

‘ಮತ’ ಎಂಬುದು ಶಾಸ್ತ್ರದಲ್ಲಿ ಇದೇ ಅರ್ಥದ ಪದವಾಗಿತ್ತು. ಇಂಥವರ ಮತ ಎಂದರೆ ಇಂಥವರು ಹಿಡಿದ ಅಭಿಪ್ರಾಯ. ಅದನ್ನು ಒಂದು ಕಡೆ ಧರ್ಮವೂ ಇನ್ನೊಂದು ಕಡೆ ಚುನಾವಣೆಯೂ ಎಳೆದುಕೊಂಡು ಹೋದವು. ವಾಪಸು ಕೇಳುವ ಧೈರ್ಯ ನನಗಿಲ್ಲ. ‘ನಿಲುವು’ ಒಳ್ಳೆಯ ಪದ. ಯಾರ ನಿಲುವು ಎಂಬ ಪ್ರಶ್ನೆಯನ್ನು ಅದು ತಾನೇ ಕೇಳುತ್ತದೆ. ಆದರೆ ನಿಲುವು ಬೆಳಿಗ್ಗೆ ಒಂದು, ಸಂಜೆ ಒಂದು ಆಗಬಲ್ಲದು. ಟೆನೆಟ್ ಅಷ್ಟು ಹಗುರವಲ್ಲ. ನನಗೆ ತೋರುವ ದಾರಿ ಇನ್ನೂ ಸರಳ. ಕನ್ನಡದ ‘ಕೊಳ್’ ಅಂಗಡಿಗೆ ಮಾತ್ರ ಹೋಗಲಿಲ್ಲ. ಕ್ರಿಯಾಪದಗಳ ಬೆನ್ನಿಗೆ ನಿಂತು ಇಟ್ಟುಕೊಳ್ಳು, ನಂಬಿಕೊಳ್ಳು, ಒಪ್ಪಿಕೊಳ್ಳು ಎಂದು ದಿನವೂ ದುಡಿಯುತ್ತಿದೆ. ಒಪ್ಪುವುದಕ್ಕೂ ಒಪ್ಪಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಕನ್ನಡ ಬಲ್ಲವರಿಗೆ ಹೇಳಬೇಕಾಗಿಲ್ಲ. ಎರಡನೆಯದರಲ್ಲಿ ಮಾತು ತನ್ನ ಮೈಮೇಲೆ ಬರುತ್ತದೆ. ಒಂದು ಮತದ ಟೆನೆಟ್‌ಗಳೆಂದರೆ ಆ ಮತದವರು ಒಪ್ಪಿಕೊಂಡ ಮಾತುಗಳು, ಸಂಘದ್ದೆಂದರೆ ಸಂಘದವರು ಒಪ್ಪಿಕೊಂಡ ಮಾತುಗಳು. ಬ್ರೌನನ ಸುಳ್ಳುಗಳಿಗೂ ಇದು ಹೊಂದುತ್ತದೆ. ಆನೆಯ ಕಾಲಿನ ವಿಷಯವನ್ನು ಅವನ ಕಾಲದವರು ಒಪ್ಪಿಕೊಂಡಿದ್ದರು.

ಇಂಗ್ಲಿಷ್ ಪದಗಳೆದುರು ಕನ್ನಡ ಪದಗಳನ್ನು ನಿಲ್ಲಿಸುವ ಕೆಲಸ ಈ ಊರಿಗೆ ಹೊಸದಲ್ಲ. ಸೇಂಟ್ ಜಾರ್ಜ್ ಕೋಟೆಯ ಕಾಲೇಜು 1812ರಲ್ಲಿ ಹುಟ್ಟಿದ್ದೇ ಕಂಪೆನಿಯ ಅಧಿಕಾರಿಗಳಿಗೆ ಈ ಸೀಮೆಯ ಭಾಷೆಗಳನ್ನು ಕಲಿಸಲು. ಮೆಕೆರೆಲ್ಲನ ಕನ್ನಡ ವ್ಯಾಕರಣ 1820ರಲ್ಲಿ, ರೀವನ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿ, ಅವನದೇ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಇಲ್ಲಿ ಅಚ್ಚಾದವು. ಕಿಟ್ಟೆಲರ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದ ನಾಲ್ಕು ಸಂಪುಟಗಳು ಮದರಾಸು ವಿಶ್ವವಿದ್ಯಾಲಯದಿಂದ 1968ರಿಂದ 71ರ ನಡುವೆ ಹೊರಬಂದವು. ಆ ಸಾಲಿಗೆ ಸೇರುವ ಮುಂದಿನ ನಿಘಂಟುಕಾರರು ಯಾರೇ ಇರಲಿ, ‘ಟೆನೆಟ್’ ಎಂಬಲ್ಲಿಗೆ ಬಂದಾಗ ಹಿಂದಿನ ಪದದ ಎದುರು ಬರೆದ ‘ತತ್ತ್ವ’ವನ್ನೇ ಕೆಳಕ್ಕೆ ಇಳಿಸದಿರಲಿ. ತತ್ತ್ವವನ್ನು ಆರ್ಕಿಮಿಡೀಸನಿಗೆ ಬಿಡಲಿ. ನಿರ್ದೇಶಕ ತತ್ತ್ವ ಈಗಾಗಲೇ ಕಾನೂನಿನ ಭಾಷೆಯಲ್ಲಿ ಬೇರೂರಿರುವುದರಿಂದ ಅದನ್ನೂ ಕೀಳುವುದು ಬೇಡ. ‘ಟೆನೆಟ್’ ಎದುರು ಹೀಗಿರಲಿ: ಒಬ್ಬರು ಅಥವಾ ಒಂದು ಗುಂಪಿನವರು ಒಪ್ಪಿಕೊಂಡು ಹಿಡಿದಿರುವ ಮಾತು, ನಿಜವಿರಬಹುದು, ಇಲ್ಲದಿರಬಹುದು. ಆಮೇಲೆ ಆವರಣದಲ್ಲಿ ಒಂದು ಸೂಚನೆ: ಯಾರು ಎಂಬುದನ್ನು ಹೇಳದೆ ಬಳಸಬಾರದು.